ಬಿಸ್ಕತ್ತಿಗೆ ಮುಂಚಿನ ಪ್ರಾರ್ಥನೆ

ಹಿಲ್ಡಾ,

ನೀನು ಕಿದ್ವಾಯಿ ನಗರದಲ್ಲಿ ನಮ್ಮ ಮೇಲಿನ ಮನೆ ಖಾಲಿ ಮಾಡಿ ಹೋಗುವಾಗ ನಾನು ವಿಳಾಸ ಕೇಳಲಿಲ್ಲ. ಹಾಗಾಗಿ ಇದನ್ನು ಎಲ್ಲಿಗೂ ಕಳಿಸುವಂತಿಲ್ಲ.

ಇವತ್ತು ಸಿಂಚನಳಿಗೆ ಕಾನ್ವೆಂಟಿನಲ್ಲಿ ಇಂಟರ್‌ವ್ಯೂ ಇತ್ತು. ಸೆಂಟ್ರಲ್ ಸ್ಕೂಲೇ ಸಾಕು ಅಂತ ನಮ್ಮ ಮನೆಯವರು ಹೇಳಿ ಹೇಳಿ ಸುಸ್ತಾದರು. ನಾನೂ ಸುಸ್ತಾಗಿದ್ದೆ, ಆದರೂ ಹಟ ಬಿಡಲಿಲ್ಲ.

ಸಿಸ್ಟರ್ ಬಣ್ಣ ಕೇಳಿದರು, ಪದ್ಯ ಕೇಳಿದರು. ಇವಳು ಬಾಯೇ ಬಿಡಲಿಲ್ಲ. ಮುಗಿಯಿತು ಅಂದುಕೊಂಡೆ. ಪಾಪ ಅಂತ ಅವರು ಒಂದು ಬಿಸ್ಕತ್ತು ಕೊಟ್ಟರು. ಸಿಂಚನ ಅದನ್ನು ಮಡಿಲಲ್ಲಿಟ್ಟುಕೊಂಡು, ಹಣೆ, ಎದೆ, ಭುಜ ಮುಟ್ಟಿಕೊಂಡು, ನಿಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ನೀನು ಹೇಳಿಸುತ್ತಿದ್ದ ಪ್ರಾರ್ಥನೆಯನ್ನು ಪೂರ್ತಿ ಹೇಳಿದಳು. ಇದನ್ನೇ ನೋಡಿ ತಾನೇ ನಾನು ಮೆಟ್ಟಿಲ ಮೇಲೆ ನಿಂತು ನಿನಗೆ ಬಾಯಿಗೆ ಬಂದ ಹಾಗೆ ಅಂದಿದ್ದು, ನಮ್ಮ ಮಗೂನ ಇನ್ನು ಕರೀಬೇಡ ಅಂದಿದ್ದು.

ಸಿಸ್ಟರ್ ಮುಖ ಅರಳಿತು. "ಬಹುತ್ ಅಚ್ಛಾ! ಯಾರು ಕಲಿಸಿದ್ದು?" ಅಂದರು.

ಸಿಂಚನ ನಿನ್ನ ಹೆಸರು ಹೇಳುವಷ್ಟರಲ್ಲಿ, "ನಾನೇ" ಅಂದುಬಿಟ್ಟೆ.

ಸೀಟು ಸಿಕ್ಕಿತು.

ಬರುವಾಗ ಆಟೋದಲ್ಲಿ, "ಅಮ್ಮಾ, ಹಿಲ್ಡಾ ಆಂಟಿ ಕೋ ಬತಾಯೇಂಗೇ ನಾ?" ಅಂತ ಕೇಳಿದಳು.

ಹೂಂ, ಆಂಟಿಗೆ ಹೇಳೋಣ, ಕಾಗದ ಬರೀತೀನಿ ಅಂದೆ.

ಬರೆದೆ.