ಎರಡೂ ಕಡೆಗೆ ಬೆನ್ನುಗಾಳಿ

ಮಾರ್ಚ್ 3, ಬೆಳಿಗ್ಗೆ
ಮತ್ತೆ ಅದೇ ಫ್ಲೈಟ್ ಪ್ಲಾನ್. ನಾನು ಬಿಟ್ಟುಬಂದ ಊರಿನಿಂದ ಇಲ್ಲಿಗೆ ಹದಿನಾಲ್ಕು ಗಂಟೆ. ದಾರಿ ಯಾವುದು, ಇಂಧನ ಎಷ್ಟು ಎಂದು ಬರೆದುಕೊಡುವುದು ನನ್ನ ಕೆಲಸ. ಈ ಊರಿಗೆ ಬಂದದ್ದೇ ಆ ಹದಿನಾಲ್ಕು ಗಂಟೆಯನ್ನು ನಂಬಿ. ನಡುವೆ ಒಂದು ಸಮುದ್ರ, ಎರಡು ಮರುಭೂಮಿ. ಅವನನ್ನು ಗಂಡ ಅನ್ನಲು ಈಗಲೂ ಬಾಯಿ ಬರುವುದಿಲ್ಲ. ಅವನು ಮುರಿದ ನನ್ನ ಮಣಿಕಟ್ಟು ಮೋಡ ಕವಿದರೆ ನೋಯುತ್ತದೆ. ನೀನು ಎಲ್ಲಿ ಹೋದರೂ ಹುಡುಕಿಕೊಂಡು ಬರುತ್ತೇನೆ ಎಂದಿದ್ದ.

ನಿನ್ನೆಯ ವಿಮಾನ ನಲವತ್ತು ನಿಮಿಷ ಮೊದಲೇ ಇಳಿದಿದೆ. ಒಳ್ಳೆಯದೇ, ಇಂಧನ ಉಳಿಯಿತು.

ಮಾರ್ಚ್ 5
ಒಂದೂವರೆ ಗಂಟೆ ಮೊದಲು! ಬೆನ್ನುಗಾಳಿ ಜೋರಾಗಿತ್ತು ಎಂದು ಕ್ಯಾಪ್ಟನ್ ನಕ್ಕರು. ಸರಿ. ಆದರೆ ಇಲ್ಲಿಂದ ಹೋದದ್ದೂ ಬೇಗ ತಲುಪಿದೆಯಲ್ಲ — ಹೋಗುವಾಗ ಬೆನ್ನಿಗೆ ಬೀಸಿದ ಗಾಳಿ ಬರುವಾಗ ಮುಖಕ್ಕೆ ಹೊಡೆಯಬೇಕು.

ಮೇಲಧಿಕಾರಿಗೆ ಹೇಳಿದೆ. ಬೆನ್ನ ಹಿಂದೆ ಅವರನ್ನು ನಾವು ಕರೆಯುವುದು ‘ಗಡಿಯಾರ’ ಎಂದು.

"ಗಾಳಿ ಬಂದಾಗ ತೂರಿಕೋ ಅಂತಾರಲ್ಲಮ್ಮ. ಬೇಗ ಬಂದ್ರೆ ಯಾರು ಕಂಪ್ಲೇಂಟ್ ಕೊಡ್ತಾರೆ? ಹೊಸ ಟೈಮ್ ಹಾಕು."

ಇಲ್ಲಿ ಪದ್ಧತಿಯೇ ಹಾಗೆ. ಹಿಂದಿನ ಹಾರಾಟ ಹಿಡಿದ ಸಮಯವೇ ಮುಂದಿನದರ ಲೆಕ್ಕ. ಹಾಕಿದೆ.

ಮಾರ್ಚ್ 11
ಒಂಬತ್ತು ಗಂಟೆ. ಪ್ರಯಾಣಿಕರಿಗೆಲ್ಲ ಖುಷಿ. ನಾವು ಎಷ್ಟು ಬರೆಯುತ್ತೇವೋ ಮರುದಿನ ದಾರಿ ಅದಕ್ಕಿಂತ ಕುಗ್ಗುತ್ತದೆ. ಇವತ್ತು ಹಠ ಹಿಡಿದು ಹದಿನಾಲ್ಕೇ ಬರೆದೆ. ಗಡಿಯಾರ ಅದನ್ನು ಹೊಡೆದುಹಾಕಿ ಒಂಬತ್ತು ಮಾಡಿದರು.

ಮಾರ್ಚ್ 12
ಅಕ್ಕ ಫೋನ್ ಮಾಡಿದ್ದಳು. ಅವಳಿರುವುದು ಅದೇ ಊರಿನಲ್ಲಿ, ಅವನ ಎದುರು ಮನೆ. ಯಾವತ್ತೂ ಅವಳ ಮಾತು ಅರೆಕ್ಷಣ ತಡವಾಗಿ ಬರುತ್ತಿತ್ತು. ಇವತ್ತು ಪಕ್ಕದ ಕೋಣೆಯಿಂದ ಮಾತಾಡಿದಂತಿತ್ತು. ಅವನು ಬಾಲ್ಕನಿಯಲ್ಲಿ ಕೂತು ವಿಮಾನಗಳನ್ನೇ ನೋಡುತ್ತಿರುತ್ತಾನಂತೆ. ಅಷ್ಟರಲ್ಲಿ ಅವಳ ಕಿಟಕಿಯ ಕೆಳಗೆ ಯಾರೋ ನಡೆದರು. ಎಡಗಾಲಿನ ಚಪ್ಪಲಿ ಎಳೆಯುವ ಸದ್ದು, ಅವನದೇ ನಡಿಗೆ. ಫೋನ್ ಇಟ್ಟುಬಿಟ್ಟೆ.

ಮಾರ್ಚ್ 16
ಹಾರಾಟ ಈಗ ಎರಡೇ ಗಂಟೆ.
ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ದೂರದಲ್ಲಿ ಕೆಂಪು ಪಟ್ಟೆಯ ನೀರಿನ ಟ್ಯಾಂಕು. ಅಕ್ಕನ ಬೀದಿಯ ಕೊನೆಯದು... ಅದೇ. ಪಕ್ಕದ ಮನೆಯಾಕೆಗೆ ತೋರಿಸಿದೆ. "ಅದು ಯಾವಾಗ್ಲೂ ಅಲ್ಲೇ ಇತ್ತಲ್ಲ," ಎಂದು ತನ್ನ ಬಟ್ಟೆ ಹಿಂಡಿದಳು.

ಮಾರ್ಚ್ 17, ಸಂಜೆ 5
ವಿಮಾನ ರದ್ದು. ಇಷ್ಟು ಹತ್ತಿರಕ್ಕೆ ವಿಮಾನ ಯಾಕೆ ಎಂದರು ಗಡಿಯಾರ. ತಮಾಷೆಗೆ ಅಂದದ್ದಲ್ಲ.

5.20
ಅಕ್ಕನ ಫೋನ್. "ಅವ್ನು ಈಗಷ್ಟೇ ಹೊರಟ ಕಣೇ. ಬ್ಯಾಗಿಲ್ಲ, ಏನಿಲ್ಲ. ಬರೀ ಚಪ್ಪಲಿ ಹಾಕ್ಕೊಂಡು. ಎಲ್ಲಿಗೆ ಅಂದ್ರೆ, ಇಲ್ಲೇ ಹೋಗಿಬರ್ತೀನಿ ಅಂದ."

ಚಿಲಕ ಹಾಕಿದೆ, ಬೀಗ ಹಾಕಿದೆ. ಬಂದು ಮೇಜಿನ ಮುಂದೆ ಕೂತೆ. ಭಯವಾಗುತ್ತಿದೆ. ಹದಿನಾಲ್ಕು ಗಂಟೆ. ಹದಿನಾಲ್ಕು ಗಂಟೆ. ಹದಿನಾಲ್ಕು ಗಂಟೆ. ಗಡಿಯಾರ ಹೊಡೆದುಹಾಕಲಾಗದ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ.

ಮೆಟ್ಟಿಲ ಮೇಲೆ ಸದ್ದು. ಒಂದು ಹೆಜ್ಜೆ ಸರಿಯಾಗಿ, ಒಂದು ಎಳೆದು.

ಈ ಮೇಜಿಗೂ ಬಾಗಿಲಿಗೂ ನಡುವೆ ಇಡೀ ಕೋಣೆ ಇತ್ತು. ಈಗ ಕೂತಲ್ಲಿಂದಲೇ ಚಿಲಕ ಕೈಗೆ —