ಹದಿನೇಳನೆಯ ನಂಬರಿನ ಎರಡು ನಿಮಿಷ

ಕಾರವಾರ
14-10-2004

ಸುಂಕಸಾಳದಲ್ಲಿ ಹಾಯಾಗಿ ಕುಳಿತಿರುವ ಜಯಂತಿಗೆ, ಕಾರವಾರದ ವೈಜಯಂತಿಯ ಪ್ರೀತಿ, ಜೊತೆಗೆ ಎರಡು ಬೈಗುಳ.

ಹೈಸ್ಕೂಲಿನ ಕೆಲಸ ಸಿಕ್ಕಿತು ಅಂತ ಹೋದವಳು ನಾಲ್ಕು ತಿಂಗಳಾದರೂ ಒಂದು ಕಾರ್ಡು ಹಾಕಿಲ್ಲ. ಇರಲಿ ಮಾರಾಯ್ತಿ, ಜಗಳ ಆಮೇಲೆ ಆಡೋಣ. ಈ ಪತ್ರವನ್ನು ಬಾಗಿಲು ಹಾಕಿಕೊಂಡು ಒಬ್ಬಳೇ ಓದು. ಬರುವ ಸೋಮವಾರ ದುರ್ಗಿ ಎಂಬ ಹೆಂಗಸು ನಿನ್ನನ್ನು ಹುಡುಕಿಕೊಂಡು ಬರುತ್ತಾಳೆ. ಅವಳು ಬರುವ ಮೊದಲು ನಿನಗೆ ಎಲ್ಲ ಗೊತ್ತಿರಬೇಕು.

ಜೂನ್ ತಿಂಗಳಲ್ಲಿ ನಮ್ಮ ಸ್ಪೋಕನ್ ಇಂಗ್ಲಿಷ್ ಕೋರ್ಸಿನ ಮೌಖಿಕ ಪರೀಕ್ಷೆ ಮಾಡಿದ್ದೆವಲ್ಲ? ಮೂವತ್ತು ಹುಡುಗಿಯರು, ಎರಡೆರಡು ನಿಮಿಷ, ವಿಷಯ ‘ನನ್ನ ತಾಯಿ’. ಎದುರಿಗೆ ನಾವಿದ್ದರೆ ಹುಡುಗಿಯರ ಬಾಯಿ ಕಟ್ಟುತ್ತದೆ ಅಂತ ಟೇಪ್ ರೆಕಾರ್ಡರ್ ಇಟ್ಟವರು ನಾವೇ. ನಮ್ಮ ಸಹಾಯಕಿ ಹೊನ್ನಿ ನಂಬರು ಕೂಗಿ, ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತಿದ್ದಳು. ನಾವಿಬ್ಬರೂ ಆಮೇಲೆ ಕ್ಯಾಸೆಟ್ ಕೇಳಿ ಇಪ್ಪತ್ತಕ್ಕೆ ಅಂಕ ಹಾಕುವುದು ಅಂತ ಏರ್ಪಾಡು.

ಕೇಳಿದೆವಾ? ಮೊದಲಿನ ಐದು ಹುಡುಗಿಯರದು ಕೇಳಿದೆವು. ಎಲ್ಲರೂ ನಾವು ಬರೆಸಿದ ನೋಟ್ಸನ್ನೇ ಗಿಳಿಪಾಠ ಒಪ್ಪಿಸುತ್ತಿದ್ದರು. ಚಾ ಬಂತು, ಬಿಸಿ ಬಟಾಟೆ ವಡೆ ಬಂತು, ಹೊರಗೆ ಮಳೆ. ಉಳಿದವರಿಗೆ ಮುಖ ನೆನಪು ಮಾಡಿಕೊಂಡು ಅಂಕ ಹಾಕಿದೆವು. ಹದಿನೇಳನೆಯ ನಂಬರು, ಬೇಲೇಕೇರಿಯ ಚಂದನಾ. ಹಿಂದಿನ ಬೆಂಚಿನ ಮೂಕಿ. ನೀನು ಹದಿನಾಲ್ಕು ಹಾಕಿದ್ದೆ. ನಕಲು ಅಂತ ಯಾರಿಗೂ ಅನ್ನಿಸದಿರಲಿ ಎಂದು ನಾನು ಹದಿನೈದು ಹಾಕಿದೆ. ಇಬ್ಬರೂ ಸಹಿ ಮಾಡಿದೆವು.

ಜಯಂತಿ, ಚಂದನಾ ಆ ದಿನ ಪರೀಕ್ಷೆಗೆ ಬಂದೇ ಇರಲಿಲ್ಲ. ಬರುವ ದಾರಿಯಲ್ಲಿ, ಹಟ್ಟಿಕೇರಿ ದಾಟಿದ ಮೇಲೆ, ಅವಳಿದ್ದ ಟೆಂಪೋ ಮಗುಚಿತು. ಬೆಳಿಗ್ಗೆ ಎಂಟೂವರೆಗೆ ಜೀವ ಹೋಗಿದೆ. ಪರೀಕ್ಷೆ ಹನ್ನೊಂದಕ್ಕೆ. ಕೋರ್ಸು ಅಂದಿಗೇ ಮುಗಿದಿತ್ತು, ನೀನು ಸುಂಕಸಾಳಕ್ಕೆ ಹೋದೆ, ಹುಡುಗಿಯರು ಚದುರಿದರು. ಸೆಪ್ಟೆಂಬರಿನಲ್ಲಿ ನಾನು ಸರ್ಟಿಫಿಕೇಟುಗಳನ್ನು ಅಂಚೆಗೆ ಹಾಕಿದೆ. ಸತ್ತವಳ ಮನೆಗೂ ಒಂದು ಹೋಯಿತು.

ಅದನ್ನು ಹಿಡಿದುಕೊಂಡು ಬಂದವಳು ದುರ್ಗಿ, ಚಂದನಾಳ ತಾಯಿ. ಮೀನು ಮಾರುವವಳು. ಮೌಖಿಕ ಅಂದರೆ ಬಾಯಲ್ಲಿ ಹೇಳುವುದು ಅಂತ ಪಕ್ಕದ ಮನೆಯವರು ಅವಳಿಗೆ ಹೇಳಿದ್ದರಂತೆ. ಮೇಜಿನ ಮೇಲೆ ಸರ್ಟಿಫಿಕೇಟ್ ಇಟ್ಟು, ನನ್ ಮಗ್ಳು ಇಲ್ಲಿಗೆ ಬಂದು ಮಾತಾಡ್ಯಾಳೆ ಅಲ್ರಾ ಅಕ್ಕೋರೆ, ಮಾತಾಡ್ದೇ ಮಾರ್ಕು ಕೊಡೂಕೆ ಆತದ್ಯಾ, ಅಂದಳು. ಮಗಳು ದಾರಿಯಲ್ಲೇ ಹೋದದ್ದನ್ನು ನನಗೆ ಹೇಳಿದವಳೂ ಅವಳೇ, ಆದರೂ ಹೇಗೋ ಇಲ್ಲಿಗೆ ಬಂದು ಹೋಗಿದ್ದಾಳೆ ಎಂದೇ ನಂಬಿದ್ದಳು. ಅವಳು ಬೈಯಲು ಬಂದವಳಲ್ಲ. ಮಗಳ ದನಿ ಮನೆಯಲ್ಲಿ ಎಲ್ಲಿಯೂ ಉಳಿದಿಲ್ಲವಂತೆ, ಪರೀಕ್ಷೆಯ ಮಾತು ಕ್ಯಾಸೆಟ್ಟಿಗೆ ಹೋಗುತ್ತದೆ ಅಂತ ಮಗಳೇ ಹಿಂದಿನ ದಿನ ಹೇಳಿದ್ದಳಂತೆ. ಆ ಕ್ಯಾಸೆಟ್ಟು ಒಂದ್ಸಲ ಕೇಳ್ಸಿ, ಮತ್ತೆಂತದೂ ಬ್ಯಾಡ, ಅಂದಳು.

ನಾನು ಹೊರಗೆ ಹೋಗಿ ಹೊನ್ನಿಯನ್ನು ಹಿಡಿದೆ. ಅವಳು ಒಂದು ಚೂರೂ ಅಳುಕದೆ, ಹದ್ನೇಳು ಕೂಗ್ದೆ, ಯಾರೂ ಬರ್ಲಿಲ್ಲ, ನಂಬ್ರಿಗೆ ಎರಡು ಮಿನಿಟು ಬಿಡೂಕೇ ಬೇಕು ಅಂತ ನೀವೇ ಹೇಳಿದ್ರಿ, ಹಂಗಾಗಿ ಖಾಲಿ ಓಡೂಕೆ ಬಿಟ್ಟೆ, ಅಂದಳು. ಮೊದಲೇ ಯಾಕೆ ಹೇಳಲಿಲ್ಲ ಅಂತ ಹಾರಾಡಿದೆ. ನೀವು ಕೇಳ್ಲೇ ಇಲ್ಲ ಅಲ್ರಾ, ಅಂದಳು.

ಖಾಲಿ ಟೇಪು ಕೇಳಿಸಿ, ಮಳೆಗಾಲದ ಥಂಡಿಗೆ ಅಳಿಸಿಹೋಗಿದೆ ಎಂದು ಹೇಳಿಬಿಡೋಣ ಅಂತ ಲೆಕ್ಕ ಹಾಕಿದೆ. ನಾಚಿಕೆಯಾಗುತ್ತದೆ ಬರೆಯಲಿಕ್ಕೆ, ಆದರೆ ಹಾಗೇ ಅಂದುಕೊಂಡೆ. ಎರಡನೆಯ ಬದಿ ಹಾಕಿದೆ. ಹದಿನಾರನೆಯವಳು ಮುಗಿಸಿದಳು. ಹೊನ್ನಿ ಹದಿನೇಳು ಕೂಗಿದ್ದು ಕೇಳಿಸಿತು, ಬಾಗಿಲು ಎಳೆದ ಸದ್ದು, ಫ್ಯಾನಿನ ಸದ್ದು. ಆಮೇಲೆ ಯಾರೋ ಕುರ್ಚಿ ಸರಿಸಿ ಕುಳಿತರು. ನಂಬರ್ ಸೆವೆಂಟೀನ್, ಚಂದನಾ, ಅಂತು ದನಿ.

ದುರ್ಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿದ್ದ ಹೊನ್ನಿ ದೇವರೇ ಅಂತ ಅಲ್ಲೇ ಕುಸಿದಳು. ನನ್ನ ಕಿವಿಯ ಭ್ರಮೆ ಅಂತ ನೀನು ಹೇಳುತ್ತಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೂವರೂ ಕೇಳಿದೆವು.

ಮೊದಲು ನಮ್ಮ ನೋಟ್ಸೇ. ನನ್ನ ತಾಯಿ ಬೇಗ ಏಳುತ್ತಾಳೆ, ನನ್ನ ತಾಯಿ ಕಷ್ಟಪಟ್ಟು ದುಡಿಯುತ್ತಾಳೆ. ಆಮೇಲೆ ನಾವು ಬರೆಸದ ಮಾತು ಶುರುವಾಯಿತು. ನನ್ನ ತಾಯಿಯ ಬಲಗಾಲಿನ ಚಪ್ಪಲಿಯ ಬಾರು ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಿದೆ, ಬಲೆಯ ನೀಲಿ ದಾರದಿಂದ ಕಟ್ಟಿಕೊಂಡಿದ್ದಾಳೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ, ನಿಧಾನಕ್ಕೆ, ತಡವರಿಸದೆ. ನಾನು ಬಗ್ಗಿ ಮೇಜಿನ ಕೆಳಗೆ ನೋಡಿದೆ. ನೀಲಿ ದಾರ ಇತ್ತು ಜಯಂತಿ. ಜೂನ್ ತಿಂಗಳ ಕ್ಯಾಸೆಟ್ಟಿನಲ್ಲಿ ಅಕ್ಟೋಬರಿನ ಚಪ್ಪಲಿ!

ದುರ್ಗಿಗೆ ಇಂಗ್ಲಿಷ್ ಬಾರದು. ಎಂತ ಹೇಳ್ತಾಳೆ ಅಕ್ಕೋರೆ, ಎಂತ ಹೇಳ್ತಾಳೆ, ಅಂತ ನನ್ನ ಕೈ ಹಿಡಿದು ಅಲ್ಲಾಡಿಸಿದಳು. ಒಂದೊಂದೇ ಮಾತು ಕನ್ನಡದಲ್ಲಿ ಹೇಳಿದೆ. ಚಪ್ಪಲಿಯ ಮಾತಿಗೆ ಅವಳು ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ನಕ್ಕಳು! ಈ ಪೋರಿಗೆ ಮೊದ್ಲಿಂದ್ಲೂ ನನ್ ಕಾಲ್ ಮೇಲೇ ಕಣ್ಣು, ಅಂದಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಅತ್ತುಕೊಂಡೇ ಎಲ್ಲ ಒಪ್ಪಿಕೊಂಡೆ. ನಾನು ಕೇಳದೆಯೇ ಅಂಕ ಹಾಕಿದ್ದೆ, ನಿಮ್ಮ ಮಗಳು ಬಂದಿಲ್ಲ ಎನ್ನುವುದೂ ನನಗೆ ಗೊತ್ತಿರಲಿಲ್ಲ ಅಂದೆ. ಉಗಿಯುತ್ತಾಳೆ ಅಂದುಕೊಂಡೆ. ಅವಳು ಸರ್ಟಿಫಿಕೇಟನ್ನು ನನ್ನ ಕಡೆಗೆ ಸರಿಸಿ, ಈಗ ಕೇಳಿದ್ರಲ್ಲ, ಈಗ ಹಾಕಿ, ಅಂದಳು.

ಹಾಕಿದೆ. ಬಟಾಟೆ ವಡೆ ಇಲ್ಲದೆ, ಪೆನ್ನು ಹಿಡಿದು, ಪ್ರತಿ ತಪ್ಪು ಎಣಿಸಿ ಹಾಕಿದೆ. ಎರಡೇ ತಪ್ಪು. ಹದಿನೆಂಟು ಬಂತು. ಆರು ತಿಂಗಳು ನಾವು ಮೂಕಿ ಅಂತ ಕರೆದ ಹುಡುಗಿ ಕಣೇ ಅವಳು. ಎದ್ದು ನಿಂತು ಮಾತಾಡು ಅಂತ ಒಂದು ದಿನವಾದರೂ ನಾವು ಹೇಳಿದ್ದೆವಾ?

ಅಂದಿನಿಂದ ದುರ್ಗಿ ಮೀನು ಮಾರಿ ಮುಗಿಸಿ ದಿನಾ ಬರುತ್ತಾಳೆ. ಕ್ಯಾಸೆಟ್ಟಿನ ಮಾತು ದಿನಾ ಬೇರೆ. ನಿನ್ನೆ ದುರ್ಗಿ ನನಗೆ ಒಣ ಸಿಗಡಿ ತಂದಿದ್ದಳು. ಪೊಟ್ಟಣ ಇನ್ನೂ ಚೀಲದಲ್ಲೇ ಇತ್ತು, ಟೇಪಿನೊಳಗಿನವಳು ಅದನ್ನು ಹೇಳಿ ಆಗಿತ್ತು. ದುರ್ಗಿ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಇಲ್ಲದಿದ್ದರೆ ಮಗಳು ನನಗೆ ದೂರು ಹೇಳುತ್ತಾಳಂತೆ. ಈ ವಾರ ಅವಳಿಗೆ ಇನ್ನೊಂದು ಹಟ ಹುಟ್ಟಿದೆ. ಸರ್ಟಿಫಿಕೇಟಿನಲ್ಲಿ ಎರಡು ಸಹಿ ಇದೆಯಲ್ಲ, ಆ ಇನ್ನೊಬ್ರು ಅಕ್ಕೋರೂ ಕೇಳಿ ಮಾರ್ಕು ಹಾಕ್ಲಿ ಅನ್ನುತ್ತಾಳೆ. ಕ್ಯಾಸೆಟ್ ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಅಂಕೋಲೆಯಿಂದ ಯಲ್ಲಾಪುರದ ಬಸ್ಸು ಹತ್ತಿ ಬರುತ್ತಾಳೆ. ಟೇಪ್ ರೆಕಾರ್ಡರ್ ತೆಗೆದಿಡು. ಅವಳಿಗೆ ಊಟ ಹಾಕು. ಸುಳ್ಳು ಮಾತ್ರ ಹೇಳಬೇಡ.

ನಿನ್ನ
ವೈಜಯಂತಿ

ತಾ.ಕ.: ಸುಳ್ಳು ಹೇಳಬೇಡ ಅಂತ ಬರೆದ ನಾನೇ ಹೇಳಿದ್ದೇನೆ. ನಿನ್ನ ಸಹಿಯ ಮಾತು ಎತ್ತಿದ್ದು ದುರ್ಗಿ ಅಲ್ಲ, ಸುಂಕಸಾಳಕ್ಕೆ ಹೋಗು ಅಂತ ಅವಳನ್ನು ಹೊರಡಿಸಿದವಳು ನಾನು. ಮಾತು ಮುಗಿದ ಮೇಲೆ ಅಪ್ಪಣೆ ಕೇಳದೆ ಕೋಣೆ ಬಿಟ್ಟು ಹೊರಡಬಾರದು ಅಂತ ಹುಡುಗಿಯರಿಗೆ ಕಲಿಸಿದ್ದೆವಲ್ಲ? ಚಂದನಾಳೂ ಕೊನೆಯಲ್ಲಿ ಕೇಳುತ್ತಾಳೆ, ಮಿಸ್, ನಾನಿನ್ನು ಹೋಗಲೇ, ಅಂತ. ಅದೇನು ಅಂತ ದುರ್ಗಿ ವಿಚಾರಿಸಿದರೆ, ನಾಳೆ ಬಾ ಅವ್ವಿ ಅಂದಳು ಎಂದು ಹೇಳುತ್ತೇನೆ. ಒಂಬತ್ತು ದಿನವಾಯಿತು. ಈಗೀಗ ಆ ದನಿ ಅಳು ತಡೆದುಕೊಂಡು ಕೇಳುತ್ತದೆ. ಹೋಗು ಅಂದರೆ ಮರುದಿನ ಟೇಪಿನಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯುತ್ತದೆ, ದುರ್ಗಿ ಮತ್ತೆ ಊಟ ಬಿಡುತ್ತಾಳೆ. ನನ್ನ ಬಾಯಿಂದ ಆ ಮಾತು ಬರುತ್ತಿಲ್ಲ ಜಯಂತಿ. ನೀನೂ ಅವಳ ಮಿಸ್ಸೇ. ನೀನು ಹೇಳಿಬಿಡು.