ಬೀಳುವವರ ತೋಳು

ಅಂಗಡಿಯ ಹಿಂದಿನ ಕೋಣೆ
ಶನಿವಾರ ಬೆಳಿಗ್ಗೆ, ಮಾರ್ಚ್ ೮

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ಮಂಡಿನೋವು ಈಗ ಹೇಗಿದೆ? ಹಾಸ್ಟೆಲಿನ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಮೂರು ಮಹಡಿ ಹತ್ತಿ ಇಳಿಯಬೇಕು ಅಂತ ಬರೆದಿದ್ದಿರಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಇಡಿ. ಇದು ನನ್ನ ಬುದ್ಧಿಯಲ್ಲ, ನಮ್ಮ ಜೂಡೊ ಟೀಚರು ಹೇಳಿಕೊಟ್ಟದ್ದು. ಪುಟ್ಟಿ ಹೇಗಿದ್ದಾಳೆ? ಹಾಸ್ಟೆಲಿನ ಹಾಲು ಕುಡಿಯುತ್ತಾಳೋ, ಇಲ್ಲಿ ಮಾಡುತ್ತಿದ್ದ ಹಾಗೆ ಯಾವುದಾದರೂ ಗಿಡಕ್ಕೆ ಸುರಿಯುತ್ತಾಳೋ? ನಾನು ಚೆನ್ನಾಗಿದ್ದೇನೆ. ಬಾಯಿಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ, ನಿದ್ದೆ ಬರುತ್ತಿದೆ. ಹೊಲಿಗೆ ಯಂತ್ರದ ಪಟ್ಟಿ ಹೋದ ತಿಂಗಳು ಹರಿದಿತ್ತು, ಹೊಸದು ಹಾಕಿಸಿದ್ದೇನೆ. ನೀವು ಕಿಟಕಿಯಲ್ಲಿ ಬಿಟ್ಟುಹೋದ ಗಾಜಿನ ಬಾಟಲಿಗಳನ್ನು ವಾರಕ್ಕೊಮ್ಮೆ ಒರೆಸುತ್ತೇನೆ. ಯಾಕೆ ಇಟ್ಟಿದ್ದೀರಿ ಅಂತ ಗೊತ್ತಿಲ್ಲ, ಎಸೆಯುವ ಧೈರ್ಯವೂ ಇಲ್ಲ.

ಈ ಕಾಗದದಲ್ಲಿ ನಿಮಗೆ ಒಂದು ಮಾತು ಹೇಳಬೇಕಾಗಿದೆ, ಅಣ್ಣ ಬಿದ್ದ ದಿನದ್ದು. ಹನ್ನೊಂದು ತಿಂಗಳಿಂದ ಅದನ್ನು ನನ್ನ ದಿನಚರಿಯಲ್ಲಿ ಬರೆಯುತ್ತೇನೆ, ಹೊಡೆದುಹಾಕುತ್ತೇನೆ. ಅದನ್ನು ಕೇಳಿದ ಮೇಲೆ ನೀವು ನನ್ನನ್ನು ಮೈದುನ ಅಂತ ಇಟ್ಟುಕೊಳ್ಳುತ್ತೀರೋ ಇಲ್ಲವೋ ನನಗೆ ತಿಳಿಯದು. ಆದರೂ ಹೇಳುತ್ತೇನೆ. ಸುತ್ತಿ ಬಳಸಿ ಬರುವುದು ನನ್ನ ಚಾಳಿ, ನಿಮಗೆ ಗೊತ್ತೇ ಇದೆ. ಸ್ವಲ್ಪ ತಾಳಿಕೊಳ್ಳಿ.

ಮೊದಲು ನಿಮಗೆ ಋಣಿಯಾಗಿದ್ದೇನೆ ಅನ್ನಬೇಕು. ಹಾಸ್ಟೆಲಿಗೆ ಹೋಗಿ ತಲುಪಿದ ಮೇಲೆ ನೀವು ಬರೆದ ಮೊದಲ ಕಾರ್ಡು ಇನ್ನೂ ಇಸ್ತ್ರಿ ಮೇಜಿನ ಗೋಡೆಗೆ ಅಂಟಿಕೊಂಡಿದೆ. ‘ಸಂಜೆ ಅಂಗಡಿ ಮುಚ್ಚಿ ಒಬ್ಬನೇ ಗುಮ್ಮನ ಹಾಗೆ ಕೂರಬೇಡ ಮಾರಾಯ, ಎಲ್ಲಿಗಾದರೂ ಹೋಗು, ಜಗಳಕ್ಕಾದರೂ ಹೋಗು’ ಅಂತ ಬರೆದಿದ್ದಿರಿ. ಗಂಡ ತೀರಿಹೋಗಿ ನಾಲ್ಕು ವಾರವೂ ಆಗಿರಲಿಲ್ಲ, ಆಗ ನೀವು ನನ್ನ ಸಂಜೆಗಳ ಬಗ್ಗೆ ಯೋಚಿಸಿದಿರಿ. ನಿಮ್ಮ ಮಾತು ಮೀರಲಿಲ್ಲ. ಅಕ್ಷರಶಃ ಜಗಳಕ್ಕೇ ಹೋದೆ.

ಅದು ಹೀಗಾಯಿತು. ಶಾಲೆಯ ಹಳೆಯ ಸಭಾಂಗಣದಲ್ಲಿ ದೊಡ್ಡವರಿಗೆ ಜೂಡೊ ಕಲಿಸುವ ಟೀಚರು ಹದಿನಾಲ್ಕು ಜೂಡೊ ಅಂಗಿಗಳಿಗೆ ಅಣ್ಣನಲ್ಲಿ ಹೇಳಿಹೋಗಿದ್ದರು, ನೆನಪಿರಬೇಕು. ಗೋಣಿಯಷ್ಟು ದಪ್ಪದ ಬಿಳಿ ಬಟ್ಟೆ, ಎರಡು ಪದರ ಹೊಲಿಯಬೇಕು, ಸೂಜಿ ಮುರಿಯುತ್ತದೆ ಅಂತ ಅಣ್ಣ ಗೊಣಗಿದ್ದ. ಅವತ್ತು ಅಣ್ಣ ಏಣಿ ಹತ್ತಿ ಅಟ್ಟದಿಂದ ಇಳಿಸಲು ಹೋದದ್ದು ಅದೇ ಬಟ್ಟೆಯ ತಾನನ್ನು, ಇಡೀ ಸುರುಳಿಯನ್ನು. ಆಮೇಲೆ ಮೂರು ತಿಂಗಳು ನಾನು ಅದರ ಕಡೆ ತಲೆ ಎತ್ತಿ ನೋಡಲಿಲ್ಲ. ಟೀಚರೂ ಒಂದು ದಿನವೂ ಬಂದು ಕೇಳಲಿಲ್ಲ. ಕೊನೆಗೆ ನಾನೇ ಆ ಸುರುಳಿಯನ್ನು ಹೆಗಲ ಮೇಲೆ ಹೊತ್ತು, ನನ್ನಿಂದ ಆಗದು, ಬೇರೆ ದರ್ಜಿಯನ್ನು ನೋಡಿಕೊಳ್ಳಿ ಅಂತ ಹೇಳಿಬರಲು ಹೋದೆ. ಟೀಚರಿಗೆ ಅರವತ್ತು ದಾಟಿದೆ, ನನ್ನ ಭುಜಕ್ಕೆ ಬರುತ್ತಾರೆ ಅಷ್ಟೆ. ‘ಅದನ್ನ ಆ ಮೂಲೆಗೆ ಇಡಿ. ಚಪ್ಪಲಿ ಬಿಚ್ಚಿ. ಬಂದಿದ್ದೀರಲ್ಲ, ಒಂದು ಸಲ ಬಿದ್ದು ಹೋಗಿ’ ಅಂದರು, ಚಹಾ ಕುಡಿದು ಹೋಗಿ ಅನ್ನುವ ಹಾಗೆ.

ಜೂಡೊ ಅಂಗಿ ಬರುವ ತನಕ ಅದಿಲ್ಲದೆ ಕಲಿಯೋಣ ಅಂತ ಶುರು ಮಾಡಿದ ಅಲ್ಲಿನವರು ಅದರಲ್ಲೇ ಪಳಗಿಬಿಟ್ಟಿದ್ದರು. ನಾನು ಹೊಸದಾಗಿ ಹೊಲಿದುಕೊಡಲೇ ಎಂದು ಆಮೇಲೊಮ್ಮೆ ಕೇಳಿದ್ದೆ. ‘ಈಗ ಬೇಡ ಬಿಡಿ. ಬೀದೀಲಿ, ಬಚ್ಚಲಲ್ಲಿ, ಮೆಟ್ಟಿಲಲ್ಲಿ ಯಾರೂ ಜೂಡೊ ಅಂಗಿ ತೊಟ್ಕೊಂಡು ಬೀಳಲ್ಲ’ ಅಂದರು. ಆ ಬಟ್ಟೆಯನ್ನು ಚಾಪೆಗಳ ಮೇಲೆ ಹಾಸಲು ಕೊಟ್ಟಿದ್ದೇನೆ. ಹದಿನಾಲ್ಕು ಜನ ಅದರ ಮೇಲೆ ಬೀಳುತ್ತಾರೆ.

ಅಂಗಿ ಇದ್ದರೆ ಕೊರಳಪಟ್ಟಿ ಇರುತ್ತದೆ, ದಪ್ಪ ತೋಳಿರುತ್ತದೆ, ದೂರ ನಿಂತೇ ಹಿಡಿದು ಎಳೆಯಬಹುದು. ಅಂಗಿ ಇಲ್ಲದಿದ್ದರೆ ಹಿಡಿಯಲು ಮನುಷ್ಯ ಮಾತ್ರ ಇರುತ್ತಾನೆ. ಮಣಿಕಟ್ಟು, ಮೊಣಕೈಯ ಮೇಲಿನ ತೋಳು, ಕಂಕುಳ ಕೆಳಗಿಂದ ಬೆನ್ನು, ಸೊಂಟ. ಬೆವರಿಗೆ ಎಲ್ಲವೂ ಜಾರುತ್ತದೆ. ಅದಕ್ಕೆ ಹತ್ತಿರ ಹೋಗಬೇಕು, ಎದೆಗೆ ಎದೆ ತಾಗುವಷ್ಟು. ನನಗೆ ಇದು ಎಷ್ಟು ಕಷ್ಟವಾಗಿರಬೇಕು ಊಹಿಸಿ. ಗಿರಾಕಿಯ ಮೈ ಮುಟ್ಟದೆ ಟೇಪು ಹಿಡಿಯುವುದೇ ಒಳ್ಳೆಯ ದರ್ಜಿಯ ಲಕ್ಷಣ ಅಂತ ಅಪ್ಪ ಕಲಿಸಿದ್ದು. ಮೊದಲ ತಿಂಗಳೆಲ್ಲ ನನ್ನ ಕೈ ಬಟ್ಟೆಗೇ ಹೋಗುತ್ತಿತ್ತು. ಟೀಚರು ಸಂಜೆಗೆ ಇಪ್ಪತ್ತು ಸಲ ‘ದರ್ಜಿಗಳೇ, ಬಟ್ಟೆ ಬಿಡಿ, ಆಳನ್ನ ಹಿಡೀರಿ’ ಅನ್ನುತ್ತಿದ್ದರು. ಬೀಳುವುದನ್ನು ಮಾತ್ರ ಬೇಗ ಕಲಿತೆ. ಗದ್ದ ಎದೆಗೆ ಒತ್ತಿ, ಅಂಗೈಯಿಂದ ಚಾಪೆಗೆ ಹೊಡೆದು ಬೀಳಬೇಕು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅಂತ ನೀವು ನಗಬಹುದು. ಇಲ್ಲಿ ಅದು ನಿಜವಾಗಿಯೂ ಮೊದಲನೇ ಪಟ್ಟು.

ನನ್ನ ಜೋಡಿ ನಮ್ಮ ಬೀದಿಯ ಅಂಚೆಯವರು. ನಿಮಗೆ ಗೊತ್ತಲ್ಲ, ಬಾಗಿಲಿಗಿಂತ ಅಗಲ ಇರುವವರು. ನನ್ನನ್ನು ಮೂಟೆ ಇಳಿಸಿದ ಹಾಗೆ ಇಳಿಸುತ್ತಾರೆ. ಆದರೆ ಬೀಳುವಾಗ ನನ್ನ ತೋಳನ್ನು ಬಿಡುವುದಿಲ್ಲ, ಮೇಲಕ್ಕೆ ಎಳೆದು ಹಿಡಿದಿರುತ್ತಾರೆ, ಅದರಿಂದ ತಲೆ ನೆಲಕ್ಕೆ ಬಡಿಯುವುದಿಲ್ಲ. ಇದು ಟೀಚರ ಕಟ್ಟುನಿಟ್ಟು. ಬೀಳಿಸುವುದು ಅರ್ಧ ವಿದ್ಯೆ, ಬೀಳುವವರ ತೋಳು ಬಿಡದೆ ನೆಲ ಮುಟ್ಟಿಸುವುದು ಇನ್ನರ್ಧ. ಬಿಟ್ಟವರು ಅವತ್ತು ಚಾಪೆಯಿಂದ ಇಳಿದು ಗೋಡೆ ಬದಿ ಕೂರಬೇಕು.

ಫೆಬ್ರವರಿ ಮೊದಲ ವಾರದಲ್ಲಿ ಒಂದು ಸಂಜೆ ಮೊದಲ ಬಾರಿಗೆ ನಾನು ಅಂಚೆಯವರನ್ನು ಸೊಂಟದ ಮೇಲೆ ಎತ್ತಿ ಹಾಕಿದೆ. ಒಂದು ಕೈ ಅವರ ಸೊಂಟ ಬಳಸಿ ಸರಿಯಾಗಿಯೇ ಇತ್ತು. ಇನ್ನೊಂದು ಮಾತ್ರ ತೋಳನ್ನು ಬಿಟ್ಟು ಅವರ ಬನಿಯನ್ನಿನ ತೋಳಿನ ಬಟ್ಟೆಯನ್ನು ಹಿಡಿದಿತ್ತು. ಅವರು ಗಾಳಿಯಲ್ಲಿದ್ದಾಗ ಹೊಲಿಗೆ ಪಟಪಟ ಬಿಚ್ಚಿತು. ನನ್ನ ಕೈ ತೆರೆದುಕೊಂಡಿತು. ನಾನು ತೆರೆಯಲಿಲ್ಲ ಅತ್ತಿಗೆ, ಅದೇ ತೆರೆದುಕೊಂಡಿತು. ಇಪ್ಪತ್ತೆರಡು ವರ್ಷ ಈ ಕೈಗೆ ಕಲಿಸಿದ್ದು ಅದನ್ನೇ ಅಲ್ಲವೇ, ಹೊಲಿಗೆ ಬಿಟ್ಟ ಸದ್ದು ಕೇಳಿದರೆ ಹಿಡಿತ ಸಡಿಲಿಸು, ಇಲ್ಲದಿದ್ದರೆ ಬಟ್ಟೆ ಹರಿದೀತು ಅಂತ. ಅಂಚೆಯವರು ಭುಜದ ಮೇಲೆ ಬಿದ್ದರು, ತಲೆಯೂ ತಾಗಿತು. ಟೀಚರು ಓಡಿಬಂದು ಅವರ ಕಣ್ಣು, ಕತ್ತು ನೋಡಿ, ಏನಿಲ್ಲ ಅಂತ ಖಾತ್ರಿ ಮಾಡಿಕೊಂಡು ‘ಯಾಕ್ರೀ ಬಿಟ್ಟಿರಿ?’ ಅಂದರು. ‘ಹೊಲಿಗೆ ಬಿಡ್ತು’ ಅಂದೆ. ಎಲ್ಲರೂ ನಕ್ಕರು. ಬಿದ್ದವರೂ ಮಲಗಿದಲ್ಲೇ ನಕ್ಕರು. ನಾನು ಗೋಡೆ ಬದಿಗೆ ಹೋಗಿ ಕೂತೆ.

ಈಗ ಆ ಮಾತು. ಅಣ್ಣ ಬಿದ್ದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಿಮಗೆ, ನಾನು ಯಂತ್ರದ ಮುಂದೆ ಕೂತಿದ್ದೆ, ತಿರುಗಿ ನೋಡುವಷ್ಟರಲ್ಲಿ ಅಣ್ಣ ಬಿದ್ದಾಗಿತ್ತು ಅಂತ ಹೇಳಿದ್ದೆ. ಅದು ಸುಳ್ಳು. ನಾನು ಏಣಿಯ ಪಕ್ಕದಲ್ಲೇ ನಿಂತಿದ್ದೆ, ಬಟ್ಟೆಯ ಸುರುಳಿಯನ್ನು ಇಸಿದುಕೊಳ್ಳಲು. ಅಣ್ಣ ತೊಟ್ಟಿದ್ದು ನಾನೇ ಹೊಲಿಯುತ್ತಿದ್ದ ನೀಲಿ ಅಂಗಿ. ತೋಳಿಗೆ ಇನ್ನೂ ಕಚ್ಚಾ ಹೊಲಿಗೆ ಮಾತ್ರ ಹಾಕಿದ್ದೆ, ಯಂತ್ರದ ಹೊಲಿಗೆ ಬಿದ್ದಿರಲಿಲ್ಲ. ನಮ್ಮ ಮನೆಯ ಗಂಡಸರು ಊರವರ ಬಟ್ಟೆಗೆಲ್ಲ ಎರಡೆರಡು ಹೊಲಿಗೆ ಹಾಕಿ, ತಾವು ಕಚ್ಚಾ ದಾರದಲ್ಲೇ ವರ್ಷ ಕಳೆಯುತ್ತಾರೆ ಅಂತ ನೀವು ಎಷ್ಟು ಸಲ ಆಡಿಕೊಂಡಿದ್ದೀರಿ. ಅವನು ವಾಲಿದಾಗ ನಾನು ಅವನ ತೋಳಿನ ಬಟ್ಟೆ ಹಿಡಿದೆ. ಅವನ ಭಾರ ಒಂದು ಗಳಿಗೆ ನನ್ನ ಕೈಯಲ್ಲಿ ನಿಂತಿತ್ತು. ಆಮೇಲೆ ಪಟಪಟ ಸದ್ದು ಬಂತು. ನನ್ನ ಕೈ ತೆರೆದುಕೊಂಡಿತು. ಅವನು ಹಿಂದಕ್ಕೆ, ಕತ್ತರಿ ಮೇಜಿನ ಮೂಲೆಯ ಮೇಲೆ ಬಿದ್ದ. ಪೂರ್ತಿ ತೋಳು ಕಿತ್ತುಬಂದಿದ್ದರೆ ಬಟ್ಟೆಯೇ ಕೈಕೊಟ್ಟಿತು ಅನ್ನಬಹುದಿತ್ತು. ಅದು ಅರ್ಧ ಮಾತ್ರ ಬಿಚ್ಚಿತ್ತು ಅತ್ತಿಗೆ. ಆಸ್ಪತ್ರೆಯವರು ಕೊಟ್ಟ ಗಂಟಿನಲ್ಲಿ ಆ ಅಂಗಿಯನ್ನು ನೋಡಿದೆ. ಇನ್ನೂ ಒಂಬತ್ತು ಹೊಲಿಗೆ ಗಟ್ಟಿಯಾಗಿದ್ದವು.

ಇದನ್ನು ಮೊದಲು ಕೇಳಿದವರು ಟೀಚರು. ಅಂಚೆಯವರು ಬಿದ್ದ ಆ ಸಂಜೆಯೇ, ಎಲ್ಲರೂ ಹೋದ ಮೇಲೆ, ಗೋಡೆ ಬದಿಯಲ್ಲಿ. ನಿಮಗಿಂತ ಮೊದಲು ಬೇರೆಯವರಿಗೆ ಹೇಳಿದ್ದಕ್ಕೆ ಕ್ಷಮೆ ಇರಲಿ. ಅವರು ನಿಮ್ಮ ತಪ್ಪಲ್ಲ ಅನ್ನಲಿಲ್ಲ. ಹಾಗಂದಿದ್ದರೆ ನಾನು ಮತ್ತೆ ಅಲ್ಲಿಗೆ ಹೋಗುತ್ತಿರಲಿಲ್ಲವೇನೋ. ‘ಹಿಡಿದಿದ್ರೆ ಉಳೀತಿದ್ರಾ, ಇಬ್ರೂ ಬೀಳ್ತಿದ್ರಾ, ಅದು ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಾಗಲ್ಲ. ಕೈಗೆ ಬೇರೆ ಅಭ್ಯಾಸ ಕಲಿಸೋದು ಮಾತ್ರ ಗೊತ್ತು. ನಾಳೆ ಬರ್ತಾ ಹಳೇ ಅಂಗಿ ತನ್ನಿ, ಸೂಜಿ ದಾರಾನೂ ತನ್ನಿ’ ಅಂದರು.

ಮಾರನೇ ದಿನದಿಂದ ಹೀಗೆ ನಡೆಯಿತು. ಒಂದು ಹಳೆಯ ಅಂಗಿಯ ತೋಳುಗಳನ್ನು ಬಿಚ್ಚಿ, ಕಚ್ಚಾ ದಾರದಲ್ಲಿ ಮತ್ತೆ ಕೂಡಿಸುವುದು. ಜೋಡಿ ಅದನ್ನು ತೊಡುವುದು. ನಾನು ಬಟ್ಟೆಯ ಮೇಲಿಂದಲೇ ತೋಳನ್ನು ಅಪ್ಪಿ ಹಿಡಿದು ಎತ್ತಿ ಹಾಕುವುದು. ಹೊಲಿಗೆ ಪಟಪಟ ಬಿಚ್ಚಬೇಕು, ಕೈ ಬಿಡಬಾರದು. ಮೊದಲ ವಾರ ಟೀಚರೇ ತೊಟ್ಟು ಬಿದ್ದರು, ಅರವತ್ತು ದಾಟಿದವರು. ಪ್ರತಿ ಸಲವೂ ನಾನು ಬಿಟ್ಟೆ. ಪ್ರತಿ ಸಲವೂ ಅವರು ಬೆಕ್ಕಿನ ಹಾಗೆ ಬಿದ್ದು ಎದ್ದು, ಬಿಚ್ಚಿದ ತೋಳನ್ನು ನನ್ನ ಮುಂದೆ ಹಿಡಿದು, ‘ಕೂಡಿಸಿ’ ಅಂದರು. ನಾನು ಕೂತು ಕೂಡಿಸಿದೆ. ಎರಡನೇ ವಾರ ಭುಜಕ್ಕೆ ಪಟ್ಟಿ ಅಂಟಿಸಿಕೊಂಡು ಅಂಚೆಯವರು ಬಂದರು. ನಾನು ಬೇಡವೆಂದು ಕೈ ಮುಗಿದೆ. ‘ಬನ್ರೀ ಸಾಕು. ಈ ಸಲ ಬಿಟ್ರೆ ನಿಮ್ಮ ಕಾಗದ ಎಲ್ಲಾ ಪಕ್ಕದ ಮನೆಗೆ ಹಾಕ್ತೀನಿ’ ಅಂದರು.

ಅದು ಫೆಬ್ರವರಿ ಹತ್ತೊಂಬತ್ತು, ಬುಧವಾರ. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ನಾನು ತಿರುಗಿದೆ, ಅವರ ಕಾಲು ನೆಲ ಬಿಟ್ಟಿತು, ಕಿವಿಯ ಪಕ್ಕದಲ್ಲೇ ಹೊಲಿಗೆ ಪಟಪಟ ಹೋಯಿತು. ಆ ಸದ್ದಿಗೆ ನನ್ನ ಕೈ ಬಿಗಿಯಾಯಿತು. ಅವರು ನಿಧಾನವಾಗಿ ಪಕ್ಕಕ್ಕೆ ಬಿದ್ದರು. ತೋಳು ನನ್ನ ಎದೆಗೆ ಅವುಚಿಕೊಂಡಿತ್ತು, ಬಟ್ಟೆ ಮೊಣಕೈಯ ತನಕ ಜಾರಿ ನೇತಾಡುತ್ತಿತ್ತು. ‘ಆಯ್ತಲ್ಲ, ಬಿಡ್ರೀ ಈಗ, ಕೈ ಜೋಮು ಹಿಡೀತು’ ಅಂತ ಅವರು ಮೂರು ಸಲ ಹೇಳಬೇಕಾಯಿತು.

ಹನ್ನೊಂದು ತಿಂಗಳು ತಡವಾಗಿ ಕಲಿತೆ. ಅದರಿಂದ ಅಣ್ಣ ಬರುವುದಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೂ ಬಿದ್ದು ತೋರಿಸಿದ ಆ ಇಬ್ಬರನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಜಗಳಕ್ಕಾದರೂ ಹೋಗು ಅಂದ ನಿಮ್ಮನ್ನು ನೆನೆದರೂ ಹಾಗೆಯೇ. ನೀವು ನನ್ನನ್ನು ಬೈದರೆ ಅದು ನ್ಯಾಯ. ಎಷ್ಟು ದಿನ ಕಾಗದ ಬರೆಯದಿದ್ದರೂ ನ್ಯಾಯ. ನಿಮಗೆ ಸುಳ್ಳು ಹೇಳಿ ನೀವು ಕಳಿಸಿದ ಸ್ವೆಟರು ತೊಟ್ಟುಕೊಂಡು ಓಡಾಡುವುದು ಮಾತ್ರ ಇನ್ನು ನನ್ನಿಂದ ಆಗದು. ಮಂಡಿಗೆ ಬಿಸಿನೀರಿನ ಶಾಖ ಮರೆಯಬೇಡಿ. ಪುಟ್ಟಿಯ ತಲೆ ಸವರಿದೆನೆಂದು ಹೇಳಿ.

ಯಾವತ್ತಿಗೂ ನಿಮಗೆ ಋಣಿ,
ನಿಮ್ಮ ಮೈದುನ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಅಂಚೆಯವರು ಹೊಸ್ತಿಲಲ್ಲಿ ನಿಂತು ಆತುರ ಮಾಡುತ್ತಿದ್ದಾರೆ, ಚಿಕ್ಕದಾಗಿ ಬರೆಯುತ್ತೇನೆ. ಸೋಮವಾರ ಪುಟ್ಟಿಯ ಕಾಗದ ಬಂತು, ನಿಮಗೆ ತಿಳಿಸದೆ ಹಾಕಿದ್ದಾಳಂತೆ. ಬೇಸಿಗೆ ರಜೆಗೆ ಇಲ್ಲಿಗೆ ಬಂದು ಜೂಡೊ ಕಲಿಯುತ್ತಾಳಂತೆ. ‘ಬೇರೆ ಯಾರೂ ಬೇಡ, ಚಿಕ್ಕಪ್ಪ, ನೀನೇ ನನ್ನನ್ನ ಬೀಳಿಸಬೇಕು’ ಅಂತ ಬರೆದಿದ್ದಾಳೆ. ಇದನ್ನೆಲ್ಲ ಮುಚ್ಚಿಟ್ಟುಕೊಂಡು ಆಗಲಿ ಅನ್ನಲು ನನ್ನಿಂದ ಆಗಲಿಲ್ಲ, ಅದಕ್ಕೇ ಈ ಕಾಗದ. ಅವಳನ್ನು ಈ ಕೈಗೆ ಕೊಡುತ್ತೀರಾ? ಬೇಡ ಅನ್ನಿಸಿದರೆ ಸುಮ್ಮನಿದ್ದುಬಿಡಿ. ಚಿಕ್ಕಪ್ಪನಿಗೆ ಕೆಲಸ ಜಾಸ್ತಿ ಅಂತ ನಾನೇ ಅವಳಿಗೆ ಬರೆಯುತ್ತೇನೆ, ಅವಳ ಸಿಟ್ಟು ನಿಮ್ಮ ಮೇಲೆ ಬಾರದು. ಕಳಿಸುವುದಾದರೆ ಬೇರೆ ಮಾತೇನೂ ಬರೆಯಬೇಕಾಗಿಲ್ಲ. ಅವಳ ಭುಜದಿಂದ ಮಣಿಕಟ್ಟಿನ ತನಕ ಎಷ್ಟು ಅಂಗುಲ ಇದೆ ಅಂತ ಒಂದು ಕಾರ್ಡಿನಲ್ಲಿ ಬರೆದು ಹಾಕಿ.